ಮೀನಿಗೆ ಅರಿಶಿನ

ನಮ್ಮ ಮನೆಯವರಿಗೆ ಸೊಳ್ಳೆ ಹೊಡೆಯಲೂ ಕೈ ಬರುವುದಿಲ್ಲ. ತೋಳಿನ ಮೇಲೆ ಕೂತದ್ದನ್ನು ಉಫ್ ಎಂದು ಊದಿ ಕಳಿಸುತ್ತಾರೆ. ಅದು ಸೀದಾ ಬಂದು ನನ್ನನ್ನು ಕಚ್ಚುತ್ತದೆ. ಅಂಥ ಗುರುರಾಜರ ಹೆಂಡತಿಯಾದ ನಾನು, ಚಂದ್ರಪ್ರಭಾ, ರಿಟೈರ್ ಆದ ಮೇಲೆ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡೆ. ವಯಸ್ಸಾದ ಮೇಲೆ ಕೆಲವರು ಈರುಳ್ಳಿ ಬೆಳ್ಳುಳ್ಳಿ ಬಿಡುತ್ತಾರೆ, ಕೆಲವರು ಕಾಶಿಗೆ ಹೋಗುತ್ತಾರೆ. ನಾನು ದೋಣಿ ಕೊಂಡೆ.

ಹೂಸ್ಟನ್ನಿನ ಆಸ್ಪತ್ರೆಗಳಲ್ಲಿ ಅನಸ್ತೇಷಿಯಾ ಕೊಟ್ಟುಕೊಂಡೇ ನನ್ನ ಆಯುಸ್ಸು ಕಳೆಯಿತು. ಕೊಯ್ಯುವವರು ಬೇರೆ, ಹೊಲಿಯುವವರು ಬೇರೆ. ಮಲಗಿದವರ ಉಸಿರು ಕಾಯುವುದು ನನ್ನ ಕೆಲಸ. ರಿಟೈರ್ ಆಗಿ ಮನೆಯಲ್ಲಿ ಮಲಗಿದರೂ ಕಿವಿಯಲ್ಲಿ ಮಾನಿಟರಿನ ಕುಂಯ್ ಕುಂಯ್ ನಿಲ್ಲುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡಿದ್ದ ನರ್ಸ್ ಒಬ್ಬಳು ಒಂದು ಭಾನುವಾರ ಕಾನ್ರೋ ಕೆರೆಗೆ ಕರೆದುಕೊಂಡು ಹೋಗಿ ಕೈಗೆ ಗಾಳದ ರಾಡ್ ಕೊಟ್ಟಳು. ಮೊದಲ ಬ್ಯಾಸ್ ಮೀನು ದಾರ ಎಳೆದಾಗ ತಲೆಯಲ್ಲಿದ್ದ ಸದ್ದೆಲ್ಲ ಒಮ್ಮೆಗೇ ನಿಂತಿತು. ಅಷ್ಟೇ, ನಾನು ಕೆಟ್ಟೆ.

ತಿನ್ನುವ ಮಾತೇ ಇಲ್ಲ, ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬಂದದ್ದಿಲ್ಲ. ಹಿಡಿಯುವುದು, ಒಂದು ಗಳಿಗೆ ನೋಡುವುದು, ಬಿಡುವುದು. ಇವರ ತಕರಾರೂ ಅಲ್ಲಿಯೇ ಇತ್ತು.

"ತಿನ್ನೋರಾದ್ರೆ ಹೊಟ್ಟೆಪಾಡು ಅನ್ಬಹುದು. ತಿನ್ನಲ್ಲ ಏನಿಲ್ಲ, ಸುಮ್ಮನೆ ಅದರ ಬಾಯಿ ಚುಚ್ಚಿ ಬಿಡೋದು ಎಂಥ ಆಟವೇ?"

"ಒಂದು ಮೀನೂ ಸತ್ತಿಲ್ಲ ರೀ ನನ್ನ ಕೈಯಲ್ಲಿ."

"ಅದು ನೀನು ಹೇಳೋದು."

ಹೀಗೆಯೇ ಆರು ವರ್ಷ ನಡೆಯಿತು. ನಾನು ಶನಿವಾರ ಬೆಳಗಿನ ಜಾವ ಹೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಯಿಂದ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೊರಡುವುದು, ಇವರು ಮುಖ ಊದಿಸಿಕೊಂಡು ಪೂಜೆಗೆ ಕೂರುವುದು. ಬೇರೆ ಯಾವುದಕ್ಕೂ ನಮ್ಮಲ್ಲಿ ಜಗಳ ಇಲ್ಲ.

ಹೋದ ಬೇಸಿಗೆಯಲ್ಲಿ ಮಾತ್ರ ನನಗೆ ಕೆರೆಯ ಮಧ್ಯೆ ಬಿಸಿಲು ತಲೆಗೇರಿ ಕಣ್ಣು ಕತ್ತಲೆ ಬಂತು. ಯಾರೋ ಪುಣ್ಯಾತ್ಮರು ನನ್ನ ದೋಣಿಯನ್ನು ತಮ್ಮದಕ್ಕೆ ಕಟ್ಟಿ ದಡಕ್ಕೆ ತಂದರು. ಆಸ್ಟಿನ್‌ನಲ್ಲಿರುವ ಮಗ ಪ್ರಥಮ್ ಫೋನಿನಲ್ಲೇ ಕೂಗಾಡಿದ: "ಅಮ್ಮ, ಇನ್ಮೇಲೆ ಒಬ್ಬಳೇ ಹೋಗ್ಕೂಡದು." ಈ ವರ್ಷ ಜುಲೈ ಬಂದು ನಾನು ಮತ್ತೆ ರಾಡುಗಳ ಧೂಳು ಒರೆಸುತ್ತಿದ್ದಾಗ ಇವರು ಗ್ಯಾರೇಜಿನ ಬಾಗಿಲಲ್ಲಿ ನಿಂತು, "ನಾನೂ ಬರ್ತೀನಿ," ಎಂದರು.

ನಂಬಲಿಲ್ಲ ನಾನು. "ನೀವಾ? ಕೆರೆಗಾ?"

"ನಿನ್ನನ್ನ ಒಬ್ಬಳೇ ಕಳಿಸಿ ಇಲ್ಲಿ ಕೂರೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಒಂದು ಮಾತು. ಒಂದೂ ಸಾಯಲ್ಲ ಅಂತೀಯಲ್ಲ, ನನ್ನ ಕಣ್ಣೆದುರಿಗೆ ಒಂದೇ ಒಂದು ಸತ್ತರೂ ದೋಣಿ ಮಾರಿಬಿಡಬೇಕು."

ನನ್ನ ಬಾಯಿಯೋ, ಅದಕ್ಕೆ ಬ್ರೇಕೇ ಇಲ್ಲ. "ಸತ್ರೆ ತಾನೆ? ಅವತ್ತೇ ಮಾರ್ತೀನಿ. ಆಣೆ ಬೇಕಾ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹಾಗೆ ಹೇಳಬಾರದಿತ್ತು. ಏಕೆಂದರೆ ಮೀನು ಸಾಯುವ ಕಾಲ ಯಾವುದಾದರೂ ಇದ್ದರೆ ಅದು ಟೆಕ್ಸಸ್‌ನ ಈ ಬೇಸಿಗೆಯೇ. ನೀರು ಕಾದಷ್ಟೂ ಅದರಲ್ಲಿ ಗಾಳಿ ಕಡಿಮೆಯಾಗುತ್ತದೆ. ಎಳೆದಾಡಿ ಸುಸ್ತಾದ ಮೀನಿಗೆ ಸುಧಾರಿಸಿಕೊಳ್ಳಲು ಉಸಿರು ಸಾಲುವುದಿಲ್ಲ. ಇವರಿಗೆ ಅದೆಲ್ಲ ಗೊತ್ತಿಲ್ಲ, ನನಗೆ ಚೆನ್ನಾಗಿ ಗೊತ್ತು.

ಶನಿವಾರ ನಾವು ದೋಣಿಯನ್ನು ನೀರಿಗಿಳಿಸಿದಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಗಾಳಿ ಇಲ್ಲ, ಅಲೆ ಇಲ್ಲ. ಆಚೆ ದಡದ ಮನೆಗಳ ದೀಪಗಳು ನೀರಿನಲ್ಲಿ ಅಲ್ಲಾಡದೆ ನಿಂತಿದ್ದವು. ಇವರು ಲೈಫ್ ಜಾಕೆಟ್ಟನ್ನು ಬಿಗಿಯಾಗಿ ಕಟ್ಟಿಕೊಂಡು, ತೊಡೆಯ ಮೇಲೆ ಮಜ್ಜಿಗೆಯ ಫ್ಲಾಸ್ಕ್ ಇಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಕೂತಿದ್ದರು.

"ಚೆನ್ನಾಗಿದೆ ಕಣೆ," ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಆರು ವರ್ಷದಿಂದ ಅದೇ ಹೇಳ್ತಿದೀನಿ."

ಬೇಸಿಗೆಯಲ್ಲಿ ಬ್ಯಾಸ್ ಸಿಗುವುದು ಎರಡು ಹೊತ್ತು. ಬೆಳಕು ಹರಿಯುವಾಗ ಅದು ದಡದ ಹತ್ತಿರ, ಮನೆಗಳ ಹಿಂದಿನ ಕಾಂಕ್ರೀಟ್ ಗೋಡೆಯ ಬುಡದಲ್ಲಿ, ಮರಿಮೀನು ಬೇಟೆಯಾಡುತ್ತಿರುತ್ತದೆ. ಆಗ ಮೇಲೆ ತೇಲುವ ಹುಸಿಮೀನು ಹಾಕಬೇಕು, ಒಂದು ಸಲ ಜಗ್ಗಿ ಗುಳುಂ ಎನ್ನಿಸಬೇಕು, ಆಮೇಲೆ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ಹೊಸಬರು ಜಗ್ಗುತ್ತಲೇ ಇರುತ್ತಾರೆ.

ನಾನು ಎಸೆದೆ, ಜಗ್ಗಿದೆ, ಸುಮ್ಮನಾದೆ. ನೀರು ಒಡೆದು ಛಪ್ ಎಂದಿತು. ಚಿಕ್ಕದು, ನನ್ನ ಅಂಗೈ ಎರಡರಷ್ಟು. ದೋಣಿಯ ಪಕ್ಕಕ್ಕೆ ಎಳೆದು, ನೀರಿನಲ್ಲಿಯೇ ಇಟ್ಟು ಇಕ್ಕಳದಿಂದ ಗಾಳ ತಿರುಗಿಸಿದೆ. ಬಾಲ ಬೀಸಿ ಹೋಯಿತು. ಇವರು ಬಗ್ಗಿ ಅದು ಹೋದ ಜಾಗವನ್ನೇ ನೋಡಿದರು, ಆಡಿಟರ್ ಥರ.

"ಹೋಯ್ತಾ?"

"ಹೋಯ್ತು."

"ನೆಟ್ಟಗೆ ಹೋಯ್ತಾ?"

"ಬೇಕಾದ್ರೆ ನೀವೇ ಇಳಿದು ವಿಚಾರಿಸಿಕೊಂಡು ಬನ್ನಿ."

ಇನ್ನೆರಡು ಹಿಡಿದೆ, ಬಿಟ್ಟೆ. ಇವರು ನಕ್ಕರು ಕೂಡ. ಸೂರ್ಯ ಮೇಲೆ ಬಂದ. ಬಿಸಿಲು ನೀರಿನ ಮೇಲೆ ಬಿದ್ದ ಗಳಿಗೆಯೇ ಮೇಲಿನ ಬೇಟೆ ಮುಗಿಯುತ್ತದೆ. ಅಲ್ಲಿಗೆ ಬುದ್ಧಿ ಇದ್ದವರು ಮನೆಗೆ ಹೋಗುತ್ತಾರೆ. ಆದರೆ ನನ್ನ ಹೆಮ್ಮೆ ಇದ್ದದ್ದು ಎರಡನೆಯ ಹೊತ್ತಿನಲ್ಲಿ. ದೊಡ್ಡ ಮೀನು ಬಿಸಿಲಿಗೆ ಹೆದರಿ ಆಳಕ್ಕೆ, ತಂಪಿಗೆ ಇಳಿಯುತ್ತದೆ. ಅಣೆಕಟ್ಟು ಕಟ್ಟುವ ಮೊದಲು ಹಳ್ಳ ಹರಿಯುತ್ತಿದ್ದ ಜಾಗ, ಮುಳುಗಿದ ಮರದ ಕೊಂಬೆಗಳ ರಾಶಿ, ಇವೆಲ್ಲ ಎಲ್ಲಿವೆ ಎಂದು ನನಗೆ ಬಾಯಿಪಾಠ. ದೋಣಿಯಲ್ಲಿ ನೀರಿನ ತಳ ತೋರಿಸುವ ಸೋನಾರ್ ಪರದೆಯ ಮೇಲೆ ಅವು ಗೀಟು ಗೀಟಾಗಿ ಕಾಣುತ್ತವೆ. ಪರದೆ ನೋಡಿ ಒಳಗಿನ ಜೀವ ಊಹಿಸುವುದು ನನಗೇನು ಹೊಸದೇ? ಗಂಡಸರು ಬರಿಗೈಲಿ ವಾಪಸು ಹೋದ ದಿನಗಳಲ್ಲಿ ನಾನು ಅಲ್ಲಿಂದ ಎತ್ತಿದ್ದೇನೆ.

"ಸಾಕು, ಹೋಗೋಣ ಕಣೆ," ಎಂದರು ಇವರು, ಮಜ್ಜಿಗೆ ಬಗ್ಗಿಸುತ್ತಾ. "ನಿನ್ನ ಮುಖ ಕೆಂಪಗಾಗಿದೆ."

"ಒಂದೇ ಒಂದು ಜಾಗ. ತೋರಿಸ್ತೀನಿ ಬನ್ನಿ."

ಭಾರದ ಗುಂಡು ಕಟ್ಟಿ, ರಬ್ಬರಿನ ಹುಳು ಸಿಕ್ಕಿಸಿ ಆಳಕ್ಕೆ ಬಿಟ್ಟೆ. ಅಷ್ಟರಲ್ಲಿ ತೆಂಕಣದಿಂದ ಗಾಳಿ ಎದ್ದು ದೋಣಿಯನ್ನು ನೀರಿನಲ್ಲಿ ನಿಂತಿದ್ದ ಮೋಟು ಮರಗಳ ಕಡೆಗೆ ತಳ್ಳತೊಡಗಿತು. ಮುಂದಿನ ಪುಟ್ಟ ಮೋಟಾರು ಹಾಕಲು ನನಗೆ ಎರಡು ಕೈಯೂ ಬೇಕಿತ್ತು. "ಇದನ್ನ ಸುಮ್ನೆ ಹಿಡ್ಕೊಂಡಿರಿ, ಏನೂ ಮಾಡ್ಬೇಡಿ," ಎಂದು ರಾಡನ್ನು ಇವರ ಕೈಗೆ ಕೊಟ್ಟೆ. ಮೀನು ಹಿಡಿಯಲು ಇಲ್ಲಿ ಬೇಕಾದ ಲೈಸೆನ್ಸ್ ಇವರಿಗೂ ಇತ್ತು. "ಅಪ್ಪ ಸುಮ್ನೆ ಕೂರಲ್ಲ, ನೋಡ್ತಿರು," ಎಂದು ಪ್ರಥಮ್ ಆಸ್ಟಿನ್‌ನಿಂದಲೇ ತೆಗೆಸಿ ಕಳಿಸಿದ್ದ.

ನಾನು ಮೋಟಾರಿನ ಹತ್ತಿರ ಬಗ್ಗಿದ್ದೆ. ಹಿಂದೆ "ಅಯ್ಯೋ ಅಯ್ಯೋ ಅಯ್ಯೋ" ಎಂದು ಕೇಳಿಸಿತು. ತಿರುಗಿದರೆ ರಾಡ್ ಬಿಲ್ಲಿನ ಹಾಗೆ ಬಾಗಿದೆ, ಇವರು ಎದ್ದು ನಿಂತುಬಿಟ್ಟಿದ್ದಾರೆ.

"ಕೂತ್ಕೊಳ್ರೀ! ತುದಿ ಮೇಲಿಡಿ! ಸುತ್ತಿ, ಸುತ್ತಿ!"

"ಏನೋ ಎಳೀತಿದೆ ಕಣೇ! ಜೀವ ಇದೆ ಇದಕ್ಕೆ!"

"ಇಲ್ದೇ ಮತ್ತೆ? ಕಲ್ಲು ಎಳೆಯುತ್ತಾ?"

ಹೇಗೆ ಸುತ್ತಿದರೋ ದೇವರೇ ಬಲ್ಲ. ಎಪ್ಪತ್ತು ದಾಟಿದ ಮನುಷ್ಯ ಹಲ್ಲು ಕಚ್ಚಿ, ಕಣ್ಣು ಅರಳಿಸಿ, ಒಮ್ಮೆ ನಗುತ್ತಾ ಒಮ್ಮೆ ರಾಮ ರಾಮ ಎನ್ನುತ್ತಾ ಎಳೆದರು. ಮೀನು ಮೇಲೆ ಬಂತು. ಅಬ್ಬಾ! ನಾನು ಆರು ವರ್ಷದಲ್ಲಿ ಅಷ್ಟು ದೊಡ್ಡದನ್ನು ಹಿಡಿದಿಲ್ಲ. ಬಲೆಯಲ್ಲಿ ಎತ್ತಿ, ಗಾಳ ಬಿಡಿಸಿ, "ಬೇಗ ನೀರಿಗೆ ಬಿಡಿ," ಎಂದು ಇವರ ಕೈಗೇ ಕೊಟ್ಟೆ. ಹಿಡಿದವರು ಬಿಡಲಿ ಎಂದು. ಅಷ್ಟರಲ್ಲಿ ದೋಣಿಯ ಮೂತಿ ಮೋಟು ಮರಕ್ಕೆ ಗರಕ್ ಎಂದು ತಾಗಿತು. ನಾನು ಮುಂದಕ್ಕೆ ಓಡಿದೆ.

ಮೋಟಾರಿಗೆ ದಾರ ಬೇರೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸುತ್ತಾ ಹಿಂದೆ ನೋಡಿದರೆ, ಇವರು ಒಣ ಟವೆಲ್ಲಿನಲ್ಲಿ ಮೀನನ್ನು ಬಾಣಂತಿ ಕೂಸಿನ ಹಾಗೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ! ಒಂದು ಕೈಯಲ್ಲಿ ಫೋನು. ಅದರಲ್ಲಿ ಮೊಮ್ಮಗಳು ಇಶಾ.

"ನೋಡು ಪುಟ್ಟಾ, ತಾತ ಹಿಡಿದಿದ್ದು!"

"ಓ ಮೈ ಗಾಡ್, ತಾತಾ! ಪುಟ್ ಇಟ್ ಬ್ಯಾಕ್!"

"ಹಾಕ್ತೀನಿ, ಹಾಕ್ತೀನಿ. ಕಾಣಿಸ್ತಿದೆಯಾ? ಅಪ್ಪನ್ನ ಕರಿ, ಅಪ್ಪನ್ನ ಕರಿ!"

"ಬಿಡ್ರೀ ಅದನ್ನ!" ಎಂದು ನಾನು ಒಂದು ಸಲ ಕೂಗಿದೆ. ಇನ್ನೊಂದು ಸಲ ಕೂಗಬಹುದಿತ್ತು. ಕೂಗಲಿಲ್ಲ. ಆ ಮುಖ ನೋಡುತ್ತಾ ನಿಂತೆ. ನಮ್ಮ ಮದುವೆಯಲ್ಲಿಯೂ ಈ ಮನುಷ್ಯ ಅಷ್ಟು ಹಿಗ್ಗಿದ್ದು ನಾನು ಕಂಡಿಲ್ಲ. ಹಿಗ್ಗಲಿ ಒಂದು ಗಳಿಗೆ ಎಂದುಕೊಂಡು ಮತ್ತೆ ದಾರದ ಕಡೆ ತಿರುಗಿದೆ.

ದಾರ ಬಿಚ್ಚಿ ತಲೆ ಎತ್ತಿದರೆ ಮೀನು ಇನ್ನೂ ತೊಡೆಯ ಮೇಲೇ ಇದೆ. ಫೋನು ಪಕ್ಕಕ್ಕೆ ಹೋಗಿದೆ. ಅಂಗಿಯ ಜೇಬಿನಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದಿದ್ದಾರೆ. ನನಗೆ ಹೇಳದೆ ಮನೆಯಿಂದ ಅರಿಶಿನ ತಂದಿದ್ದರು! ಬೆರಳ ತುದಿಯಲ್ಲಿ ಅರಿಶಿನ ಅದ್ದಿ, ಗಾಳ ಚುಚ್ಚಿದ್ದ ತುಟಿಗೆ ಮೆಲ್ಲಗೆ ಒತ್ತುತ್ತಿದ್ದಾರೆ. "ಆಯ್ತು, ಆಯ್ತು ಕಂದ. ಉರಿಯಲ್ಲ. ಇನ್ನೊಂದು ಚೂರು."

ನಾನು ಎರಡು ಹೆಜ್ಜೆಗೆ ಹಾರಿ ಮೀನನ್ನು ಕಸಿದುಕೊಂಡು ನೀರಿನೊಳಗೆ ಕೈ ಮುಳುಗಿಸಿದೆ. ಮೇಲಿನ ನೀರು ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಕೆಳತುಟಿ ಹಿಡಿದು, ತಲೆ ಮುಂದಾಗಿ ಇಟ್ಟುಕೊಂಡೆ, ಕಿವಿರಿನೊಳಗೆ ನೀರು ಹೋಗಲಿ ಎಂದು. ಕಿವಿರು ಒಂದು ಸಲ ತೆರೆಯಿತು. ತಡೆದು ಇನ್ನೊಂದು ಸಲ. ಒಣ ಟವೆಲ್ಲಿಗೆ ಮೈಯ ಲೋಳೆಯೆಲ್ಲ ಹೋಗಿ ಚರ್ಮ ಒರಟಾಗಿತ್ತು. ಕೈ ಸಡಿಲಿಸಿದರೆ ಮಗ್ಗುಲಾಯಿತು.

ದೋಣಿಯೊಳಗೆ ಮೀನಿಡುವ ತೊಟ್ಟಿ ಇದೆ. ಅದರ ಗಾಳಿಪಂಪು ಹಾಕಿ, ಐಸಿನ ಬಾಟಲಿ ಇಳಿಬಿಟ್ಟು, ಮೀನನ್ನು ಅದರೊಳಗೆ ಹಿಡಿದು ಕೂತೆ. ಇವರು ಎದುರಿಗೆ ಕೂತರು. ಇಬ್ಬರೂ ಕಿವಿರನ್ನೇ ನೋಡಿದೆವು. ನನಗೆ ಈ ಕಾಯುವುದು ಗೊತ್ತು. ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂಬುದು ನನ್ನ ಬೆರಳಿಗೆ ಮೊದಲೇ ತಿಳಿಯುತ್ತದೆ.

"ಬರುತ್ತಾ ಚಂದ್ರಾ?"

ಕಿವಿರು ಅರ್ಧ ತೆರೆದು ನಿಂತಿತು, ಮುಚ್ಚಲಿಲ್ಲ.

"ಹೋಯ್ತು," ಎಂದೆ.

ಇವರ ಬೆರಳ ಅರಿಶಿನ ಹಾಗೆಯೇ ಇತ್ತು. "ನಾನು... ವಾಸಿಯಾಗಲಿ ಅಂತ..."

"ಕೊಂದ್ಬಿಟ್ರಲ್ರೀ!" ಎಂದು ಕಿರುಚಿದೆ. "ಬಿಡಿ ಅಂದ್ರೆ ಬಿಡೋಕೇನು ರೋಗ ನಿಮಗೆ? ನೀರಿಲ್ಲದೆ ಅದನ್ನ ತೊಡೆ ಮೇಲೆ ಮಲಗಿಸಿಕೊಂಡು ಉಪಚಾರ ಮಾಡ್ತಾರಂತೆ! ನಿಮ್ಮ ಮೂಗು ಮುಚ್ಚಿ ನಾನು ಕಾಲಿಗೆ ಅರಿಶಿನ ಹಚ್ಚಲಾ?" ಇನ್ನೂ ಏನೇನೋ ಅಂದೆ. ಅಷ್ಟು ಚಂದದ ಮೀನು. ಅಷ್ಟು ಚಂದದ ಬೆಳಗು. ಅದರ ಜೊತೆ ನನ್ನ ದೋಣಿಯೂ ಹೋಯಿತಲ್ಲ ಎಂಬ ಸಂಕಟ. ಎಲ್ಲ ಸೇರಿ ಬಾಯಿಂದ ಬಂತು.

ದಡಕ್ಕೆ ಬಂದೆವು. ಹಿಡಿದು ಕೊಂದ ಮೀನನ್ನು ಇಲ್ಲಿ ಹಾಗೆಯೇ ಎಸೆದು ಬರುವಂತಿಲ್ಲ, ಅದು ಕಾನೂನಿಗೂ ತಪ್ಪು. ಆ ಮಾತು ಇವರಿಗೆ ಹೇಳಿದೆ. ಇವರು ತೊಟ್ಟಿಗೆ ಬಗ್ಗಿ, ಎರಡೂ ಕೈಯಲ್ಲಿ ಮೀನನ್ನು ಎತ್ತಿಕೊಂಡರು. ಜನಿವಾರ ಹಾಕಿದ ಮನುಷ್ಯ, ಅಂಗಡಿಯಲ್ಲಿ ಮೀನಿನ ಕಡೆಗೆ ತಿರುಗಿಯೂ ನೋಡದವರು, ಅದನ್ನು ಎದೆಗೆ ಹಿಡಿದುಕೊಂಡು ದಡದುದ್ದಕ್ಕೂ ನಡೆದರು. ನಾನು ಹಿಂದೆ ಹೋದೆ.

ಮರದ ನೆರಳಲ್ಲಿ ವಿಯೆಟ್ನಾಮಿನ ಮುದುಕರೊಬ್ಬರು ಬಕೆಟ್ ಇಟ್ಟುಕೊಂಡು ಗಾಳ ಹಾಕಿ ಕೂತಿದ್ದರು. ಇವರು ಅವರ ಮುಂದೆ ನಿಂತು ಇಂಗ್ಲಿಷಿನಲ್ಲಿ, "ಸರ್, ಇದು ಈಗ ತಾನೇ ಸತ್ತಿತು. ನಾವು ತಿನ್ನುವುದಿಲ್ಲ. ನೀವು ತಿನ್ನುತ್ತೀರಾ?" ಎಂದು ಕೇಳಿದರು.

ಮುದುಕರ ಕಣ್ಣು ದೊಡ್ಡದಾಯಿತು. ಮೀನನ್ನು ತಿರುಗಿಸಿ ನೋಡಿ, ಹಳದಿ ತುಟಿ ಮುಟ್ಟಿ, "ಇದೇನು?" ಎಂದರು.

"ಟರ್ಮರಿಕ್."

"ಓ, ಟರ್ಮರಿಕ್! ಒಳ್ಳೆಯದಾಯಿತು," ಎಂದು ನಕ್ಕರು ಅವರು. "ನನ್ನ ಹೆಂಡತಿಯೂ ಹಾಕುತ್ತಾಳೆ. ಟರ್ಮರಿಕ್, ಸಬ್ಬಸಿಗೆ, ಎಣ್ಣೆ. ಬಹಳ ರುಚಿ."

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಇವರು ನಗಲಿಲ್ಲ. "ಇವತ್ತೇ ಮಾಡುತ್ತೀರಲ್ಲ? ಹಾಳಾಗುವುದಿಲ್ಲವಲ್ಲ?" ಎಂದು ಕೇಳಿದರು. ಮುದುಕರು ಇವರ ಮುಖ ನೋಡಿ, ನಗು ನಿಲ್ಲಿಸಿ, ಇವತ್ತೇ ಮಾಡುತ್ತೇವೆ ಎಂದು ತಲೆ ಬಾಗಿಸಿದರು. ಇವರೂ ತಲೆ ಬಾಗಿಸಿದರು. ನಲ್ಲಿಯ ಹತ್ತಿರ ಬಂದು ತುಂಬ ಹೊತ್ತು ಕೈ ತೊಳೆದುಕೊಂಡರು.

ವಾಪಸು ಹೊರಟಾಗ ನಾನೇ ಓಡಿಸಿದೆ. ಹಿಂದೆ ದೋಣಿ. ಇವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನನ್ನ ಕೋಪ ಇಳಿದಿತ್ತು, ಆದರೆ ಮಾತು ಮಾತೇ. ಪಕ್ಕದ ಊರು ಕೇಟಿಯಲ್ಲಿರುವ ದಾನಪ್ಪನವರು ಬಹಳ ದಿನದಿಂದ ಈ ದೋಣಿಯ ಮೇಲೆ ಕಣ್ಣಿಟ್ಟಿದ್ದರು. ಇನ್ನು ತಡ ಮಾಡಿದರೆ ನನ್ನ ಮನಸ್ಸು ಬದಲಾಗುತ್ತದೆ ಎಂದು, ದಾರಿಯಲ್ಲೇ ಕಾರಿನ ಸ್ಪೀಕರಿಗೆ ಫೋನ್ ಹಾಕಿದೆ.

"ಹೇಳ್ರಿ ಡಾಕ್ಟ್ರ, ಆರಾಮ ಇದ್ದೀರಿಲ್ಲೋ?"

"ದಾನಪ್ಪನವರೇ, ದೋಣಿ ಮಾರೋದಿದ್ರೆ ಹೇಳಿ ಅಂದಿದ್ರಲ್ಲ..." ಕನ್ನಡಿಯಲ್ಲಿ ದೋಣಿ ಕಂಡಿತು. "ಮಾರ್ತಿದೀನಿ."

"ಮಾರಲ್ಲ," ಎಂದರು ಪಕ್ಕದಿಂದ ಇವರು.

"ಏನರಿ?"

"ಮಾರಲ್ಲ ದಾನಪ್ಪನವರೇ. ದೋಣಿ ಕೊಡೋದಿಲ್ಲ."

"ಮದಲ ಗಂಡಾ ಹೆಂಡ್ತಿ ಮಾತಾಡ್ಕೊಂಡು ಆಮ್ಯಾಲೆ ಫೋನ್ ಮಾಡ್ರಲ್ಲ," ಎಂದು ದಾನಪ್ಪನವರು ನಕ್ಕು ಫೋನ್ ಇಟ್ಟರು.

ನಾನು ಉರಿದುಬಿದ್ದೆ. "ಇದೇನ್ರೀ ಆಟ? ಸತ್ತರೆ ಮಾರಬೇಕು ಅಂದವರು ನೀವೇ. ಸತ್ತಿದ್ದೂ ಆಯ್ತು, ನಿಮ್ಮ ಕಣ್ಣೆದುರಿಗೇ ಆಯ್ತು. ಈಗ ನನ್ನ ಮೇಲೆ ಕನಿಕರವಾ? ನನಗೆ ಬೇಡ ಅದು."

"ಕನಿಕರ ಅಲ್ಲ ಕಣೆ." ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಅದು ಎಳೀತಲ್ಲ, ಆಗ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಪಾಪ ಅಂತ ಅನ್ನಿಸ್ಲೇ ಇಲ್ಲ. ಒಂದು ಚೂರೂ ಅನ್ನಿಸ್ಲಿಲ್ಲ. ಬಿಡು ಅಂತ ನೀನು ಕೂಗಿದ್ದು ಕೇಳಿಸ್ತು, ಚಂದ್ರಾ."

ನಾನು ಕಾರಿನ ವೇಗ ತಗ್ಗಿಸಿದೆ.

"ಕೇಳಿಸ್ತು. ಇಶಾ ಹೇಳಿದ್ದೂ ಕೇಳಿಸ್ತು. ಬಿಡೋಕೆ ಮನಸ್ಸು ಬರ್ಲಿಲ್ಲ. ಪ್ರಥಮ್‌ಗೆ ತೋರಿಸ್ಬೇಕು ಅಂದೆ, ಅರಿಶಿನ ಹಚ್ಚಬೇಕು ಅಂದೆ. ಎಲ್ಲಾ ನೆಪ. ಇನ್ನೊಂದು ಸ್ವಲ್ಪ ಹೊತ್ತು ನನ್ನ ಕೈಲಿರ್ಲಿ, ಅಷ್ಟೇ ಬೇಕಾಗಿದ್ದು ನನಗೆ. ಆರು ವರ್ಷ ಕೂತು ನಿನಗೆ ಧರ್ಮ ಹೇಳಿದೆ. ನೀನು ಹಿಡೀತಿದ್ದೆ, ಬಿಡ್ತಿದ್ದೆ. ನಿನಗೆ ಬಿಡೋದು ಗೊತ್ತು. ನನಗೆ ಗೊತ್ತಿಲ್ಲ."

ಕಣ್ಣು ಮಂಜಾಯಿತು. ಒಂದು ಪೆಟ್ರೋಲ್ ಬಂಕಿನ ಪಕ್ಕಕ್ಕೆ ಕಾರು ತಿರುಗಿಸಿ ನಿಲ್ಲಿಸಿದೆ. ನನಗೂ ಹೇಳುವುದಿತ್ತು. ಆ ಆಳದ ಮೀನುಗಳನ್ನು ಬೇಸಿಗೆಯಲ್ಲಿ ಎತ್ತಿ ಬಿಟ್ಟ ಮೇಲೆ ಅವು ಕಣ್ಣಿಗೆ ಕಾಣದಷ್ಟು ಕೆಳಗೆ ಹೋಗುತ್ತವೆ. ಅಲ್ಲಿ ಹೋಗಿ ಬದುಕಿದವೋ ಇಲ್ಲವೋ ನಾನು ಕಂಡವಳಲ್ಲ. ಆಪರೇಷನ್ ಮುಗಿದ ಮೇಲೆ ರೋಗಿ ಕಣ್ಣು ಬಿಡುವ ತನಕ ಪಕ್ಕದಿಂದ ಕದಲದವಳು, ಇವಕ್ಕೆ ಮಾತ್ರ ಬಾಲ ಬೀಸಿತು, ಬದುಕಿತು ಎಂದು ಸರ್ಟಿಫಿಕೇಟ್ ಕೊಟ್ಟಿದ್ದೆ.

"ಬಿಸಿಲು ಬಿದ್ದ ಮೇಲೆ ಇನ್ನು ಗಾಳ ಹಾಕಲ್ಲ ರೀ," ಎಂದೆ. "ಬೇಸಿಗೇಲಿ ಆಳಕ್ಕೆ ಹೋಗಲ್ಲ. ಬೆಳಕು ಹರಿಯುವಾಗ ಅಷ್ಟೇ."

"ಅದೇ ನಿನಗೆ ಇಷ್ಟ ಅಲ್ವಾ, ಆಳ?"

"ಇಷ್ಟ." ಮೂಗು ಒರೆಸಿಕೊಂಡೆ. "ಇರ್ಲಿ ಬಿಡಿ."

ಎ.ಸಿ. ಸದ್ದು ಮಾಡುತ್ತಿತ್ತು. ಬಂಕಿನಲ್ಲಿ ಯಾರೋ ನಮ್ಮ ದೋಣಿಯನ್ನು ಹಿಂದಿನಿಂದ ಮುಂದಕ್ಕೆ ನೋಡಿಕೊಂಡು ಹೋದರು.

"ಮುಂದಿನ ಶನಿವಾರ ಬರ್ತೀರಾ?" ಎಂದು ಕೇಳಿದೆ.

"ಬರ್ತೀನಿ," ಎಂದರು. ಕೈಗಳೆರಡನ್ನೂ ತೊಡೆಗಳ ಕೆಳಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತರು. "ಆದ್ರೆ ಆ ರಾಡ್ ಮಾತ್ರ ನನ್ನ ಕೈಗೆ ಕೊಡ್ಬೇಡ ಕಣೆ. ನಾನು ಎಷ್ಟು ಕೇಳಿದ್ರೂ ಕೊಡ್ಬೇಡ."